ಮನೆಯಲ್ಲೊಂದು ಮಿಗ್ ಮಷಿನ್: ಓದುಗರ ಪ್ರಶ್ನೆ, ವೆಲ್ಡಿಂಗ್ ಮೇಷ್ಟ್ರ ಉತ್ತರ

ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ಬಗೆಯೇ ಬದಲಾಗುತ್ತದೆ. ಒಣಗಿಸುವ ತಟ್ಟೆ, ಗೇಟು, ತಗಡಿನ ಮಾಡು, ಎಲ್ಲರಿಗೂ ಕಬ್ಬಿಣದ ಕೆಲಸ. ಕರೆದ ಹೊತ್ತಿಗೆ ಮೇಸ್ತ್ರಿ ಸಿಗುವುದಿಲ್ಲ. ಹಾಗಾಗಿ ಸ್ವಂತಕ್ಕೊಂದು ಮಷಿನ್ ತಂದಿಟ್ಟುಕೊಳ್ಳುವವರು ಹೆಚ್ಚಾಗಿದ್ದಾರೆ. ಈ ಸಲದ ಪತ್ರಗಳು ಬಹುತೇಕ ಮಿಗ್ ಬಗ್ಗೆಯೇ, ನಮ್ಮ ಗ್ಯಾರೇಜುಗಳಲ್ಲಿ ಸಿಓಟು ವೆಲ್ಡಿಂಗ್ ಅನ್ನುತ್ತಾರಲ್ಲ, ಅದು. ಟ್ರಿಗರ್ ಒತ್ತಿದರೆ ಸುರುಳಿಯಿಂದ ವೈರು ತಾನೇ ಬಂದು ಕರಗಿ ಬೆಸೆಯುವ ಮಷಿನ್. ಐಟಿಐಯಲ್ಲಿ ವೆಲ್ಡರ್ ಟ್ರೇಡ್ ಕಲಿಸಿ ನಿವೃತ್ತನಾಗಿ, ಈಗ ಸಾಗರದ ಹೊರಗೆ ಚಿಕ್ಕದೊಂದು ಶೆಡ್ ನಡೆಸುತ್ತಿರುವ ನನಗೆ, ತಾವೇ ಕಲಿತು ಮಾಡುವವರನ್ನು ಕಂಡರೆ ಸಂತೋಷ. ಅವರ ಕಣ್ಣು, ಪುಪ್ಪುಸ, ಮನೆ ಎಲ್ಲವೂ ಉಳಿಯಬೇಕೆಂಬ ಕಾಳಜಿಯಿಂದ ಈ ಉತ್ತರಗಳು.

ಮೇಷ್ಟ್ರೇ, ಅಡಿಕೆ ತಟ್ಟೆಗಳ ಫ್ರೇಮು ಮತ್ತು ಒಂದು ಗೇಟು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ‘ಮಿಗ್ 200, ಸಿಂಗಲ್ ಫೇಸ್, ಗ್ಯಾಸ್ ಇದ್ದರೂ ಆಗುತ್ತೆ, ಇಲ್ಲದಿದ್ದರೂ ಆಗುತ್ತೆ’ ಅನ್ನುತ್ತಾರೆ. ಮನೆಯ ಕರೆಂಟು ತಡೆಯುತ್ತದಾ? ಗ್ಯಾಸ್ ಬೇಕೇ ಬೇಕಾ?
ತೀರ್ಥಹಳ್ಳಿ ಕಡೆಯ ಕೃಷಿಕರು

ತಡೆಯುತ್ತದೆ. ಆದರೆ ಮಷಿನ್ ಮೇಲೆ ಬರೆದ 200 ಆಂಪಿಯರ್ ನೋಡಿ ಲೆಕ್ಕ ಹಾಕಬೇಡಿ. ತಟ್ಟೆಯ ಫ್ರೇಮಿಗೆ ಬಳಸುವ ಸ್ಕ್ವೇರ್ ಪೈಪು 16 ಗೇಜಿನದು, ಅಂದರೆ 1.6 ಮಿ.ಮೀ. ಗೇಟಿಗೆ 14 ಗೇಜು, ಸುಮಾರು 2 ಮಿ.ಮೀ. ದಪ್ಪದ ಒಂದೊಂದು ಮಿ.ಮೀ.ಗೆ ಸುಮಾರು 40 ಆಂಪಿಯರ್ ಎಂದು ನಾನು ಹುಡುಗರಿಗೆ ಮೊದಲ ಪಾಠದಲ್ಲೇ ಬರೆಸುತ್ತಿದ್ದೆ. ಆ ಪ್ರಕಾರ ನಿಮ್ಮ ಕೆಲಸವೆಲ್ಲ 65ರಿಂದ 90 ಆಂಪಿಯರಿನೊಳಗೆ ಮುಗಿಯುತ್ತದೆ. ಅಷ್ಟಕ್ಕೆ ಇನ್ವರ್ಟರ್ ಬಗೆಯ ವೆಲ್ಡಿಂಗ್ ಮಷಿನ್ ಲೈನಿನಿಂದ ಎಳೆಯುವುದು ಹೆಚ್ಚುಕಡಿಮೆ 10ರಿಂದ 15 ಆಂಪಿಯರ್. ಅದೇ ಮಷಿನ್ನನ್ನು 200ಕ್ಕೆ ತಿರುಗಿಸಿದರೆ ಎಳೆತ 30 ದಾಟಬಹುದು. ಆಗ 16 ಆಂಪಿಯರಿನ ಪ್ಲಗ್ಗು, ಸಾಕೆಟ್ಟು ಎರಡೂ ಕಾದು ಕರಗುತ್ತವೆ.

ಹಾಗಂತ ಗೀಸರಿನ ಪ್ಲಗ್ಗಿಗೆ ಸಿಕ್ಕಿಸಿ ಶುರುಮಾಡಬೇಡಿ. ಮೇನ್ ಬೋರ್ಡಿನಿಂದ ನೇರವಾಗಿ 6 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೇ ಒಂದು 32 ಆಂಪಿಯರಿನ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, 32 ಆಂಪಿಯರಿನ ಇಂಡಸ್ಟ್ರಿಯಲ್ ಸಾಕೆಟ್ಟು. ಇಷ್ಟನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 1 ಅಥವಾ 2 ಕಿಲೋವಾಟ್ ಎಂದಿದ್ದರೆ ಮೊದಲು ಅದನ್ನು ಏರಿಸಿಕೊಳ್ಳಿ. ತೋಟದ ಪಂಪ್‌ಸೆಟ್ಟಿನ ಲೈನಿಗೆ ಮಾತ್ರ ಕೈಹಾಕಬೇಡಿ, ಆ ಸಂಪರ್ಕ ಕೊಟ್ಟಿರುವುದು ನೀರಾವರಿಗೆ. ಎಕ್ಸ್‌ಟೆನ್ಷನ್ ಬೇಕೇ ಬೇಕೆಂದರೆ ದಪ್ಪ ಕೇಬಲ್ಲನ್ನೇ ತಗೊಂಡು, ಸುರುಳಿ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ಕೇಬಲ್ಲು ಒಳಗೇ ಕಾಯುತ್ತದೆ.

ಇನ್ನೊಂದನ್ನು ಒತ್ತಿ ಹೇಳಬೇಕು. ಜಾಬಿಗೆ, ಅಂದರೆ ಬೆಸೆಯುವ ಕಬ್ಬಿಣಕ್ಕೆ, ಹಾಕುವ ಕ್ಲ್ಯಾಂಪು ಇದ್ದರೆ ಅರ್ಥಿಂಗ್ ಆಯಿತು ಎಂದು ಬಹಳ ಜನ ತಿಳಿದಿದ್ದಾರೆ. ಆ ಕ್ಲ್ಯಾಂಪು ವೆಲ್ಡಿಂಗ್ ಕರೆಂಟು ಮಷಿನ್ನಿಗೆ ಹಿಂದಿರುಗುವ ದಾರಿ, ಅಷ್ಟೆ. ಮಷಿನ್ನಿನ ಬಾಡಿಗೆ ಕರೆಂಟು ಇಳಿದರೆ ನಿಮ್ಮ ಜೀವ ಕಾಯುವುದು ಪ್ಲಗ್ಗಿನ ಮೂರನೇ ಪಿನ್ನು, ಅಂಗಳದ ಅರ್ಥಿಂಗ್ ಗುಂಡಿ ಮತ್ತು ಆ ಆರ್‌ಸಿಸಿಬಿ. ನಮ್ಮ ಮಳೆಗೆ ಗುಂಡಿಯೊಳಗಿನ ಜೋಡಣೆ ತುಕ್ಕು ಹಿಡಿದು ತುಂಡಾಗಿರುವುದುಂಟು. ಮಷಿನ್ ತರುವ ಮೊದಲೇ ಅದನ್ನು ಅಳೆಸಿ ನೋಡಿ.

ಈಗ ಗ್ಯಾಸಿನ ಮಾತು. ಗ್ಯಾಸ್ ಬೇಡದ ವೈರಿನ ಹೊಟ್ಟೆಯಲ್ಲಿ ಫ್ಲಕ್ಸ್ ಪುಡಿ ತುಂಬಿರುತ್ತದೆ. ಉರಿಯುವಾಗ ಅದೇ ಹೊಗೆಯಾಗಿ ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಬಯಲಲ್ಲಿ, ಗಾಳಿ ಬೀಸುವಲ್ಲಿ ಅದು ಒಳ್ಳೆಯದು. ಆದರೆ ಹೊಗೆ ಜಾಸ್ತಿ, ಸ್ಪ್ಯಾಟರ್ (ಸಿಡಿಯುವ ಲೋಹದ ಹನಿ) ಜಾಸ್ತಿ, ಮೇಲೆ ಕೂತ ಸ್ಲ್ಯಾಗ್ ಎಂಬ ಗಟ್ಟಿ ಪೊರೆ ತಟ್ಟಿ ತೆಗೆಯಬೇಕು. ತೆಳು ಪೈಪಿಗೆ, ಶೆಡ್ಡಿನೊಳಗೆ ಮಾಡುವ ಕೆಲಸಕ್ಕೆ ಗ್ಯಾಸ್ ಜೊತೆಗಿನ ತಾಮ್ರದ ಲೇಪದ ವೈರೇ ಸರಿ. ಇಆರ್70ಎಸ್-6 ಎಂದು ಬರೆದಿರುತ್ತದೆ, 0.8 ಮಿ.ಮೀ. ಸಾಕು, 5 ಕೆ.ಜಿ. ಸ್ಪೂಲ್ (ವೈರಿನ ಉರುಳೆ) ಸಿಗುತ್ತದೆ. ನನ್ನನ್ನು ಕೇಳಿದರೆ ಎರಡೂ ಆಗುವ ಮಷಿನ್ ತಗೊಳ್ಳಿ, ಕಲಿಯುವುದನ್ನು ಗ್ಯಾಸಿನಿಂದ ಶುರುಮಾಡಿ. ವೈರು ಬದಲಿಸಿದಾಗ ಪೋಲಾರಿಟಿಯನ್ನೂ ಬದಲಿಸಲು ಮರೆಯಬೇಡಿ. ಗ್ಯಾಸ್ ವೈರಿಗೆ ಟಾರ್ಚು (ವೈರು ಹೊರಬರುವ ಕೈಹಿಡಿ) ಪ್ಲಸ್, ಜಾಬು ಮೈನಸ್. ಗ್ಯಾಸಿಲ್ಲದ ವೈರಿಗೆ ಟಾರ್ಚು ಮೈನಸ್. ಇದನ್ನು ಬದಲಿಸದೆ ‘ಮಷಿನ್ ಸರಿ ಇಲ್ಲ, ಬರೀ ಸಿಡಿಯುತ್ತೆ’ ಎಂದು ಅಂಗಡಿಗೆ ಹೊತ್ತುಕೊಂಡು ಹೋದವರು ಬಹಳ.

ಸರ್, ಯೂಟ್ಯೂಬ್ ನೋಡಿ ಕಲಿಯುತ್ತಿದ್ದೇನೆ. ಬೀಡ್ (ಬೆಸುಗೆಯ ಗೆರೆ) ಹಗ್ಗ ಇಟ್ಟ ಹಾಗೆ ಎತ್ತರಕ್ಕೆ ಕೂರುತ್ತದೆ. ಸುತ್ತಿಗೆಯಲ್ಲಿ ಒಂದೇಟು ಕೊಟ್ಟರೆ ಕಿತ್ತು ಬರುತ್ತದೆ. ಕೆಲವು ಸಲ ವೈರು ಮಷಿನ್ನಿನ ಒಳಗೇ ಸಿಕ್ಕಾಗಿ ಗಂಟು ಬೀಳುತ್ತದೆ. 3 ಮಿ.ಮೀ. ಫ್ಲಾಟಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ.
ಅರಸೀಕೆರೆಯ ಯುವಕ

ತಮ್ಮಾ, ಸುತ್ತಿಗೆಯಲ್ಲಿ ಹೊಡೆದು ನೋಡಿದೆಯಲ್ಲ, ಅದೇ ದೊಡ್ಡ ಕೆಲಸ. ಹೆಚ್ಚಿನವರು ಬೀಡಿನ ಮೇಲೆ ಪೇಂಟು ಬಳಿದು ಮುಂದೆ ಹೋಗುತ್ತಾರೆ. ಮಿಗ್‌ನಲ್ಲಿ ನನಗೆ ಭಯ ಇರುವುದೂ ಇಲ್ಲೇ. ರಾಡ್ ವೆಲ್ಡಿಂಗ್‌ನಲ್ಲಿ ಶಾಖ ಸಾಲದಿದ್ದರೆ ರಾಡೇ ಅಂಟಿಕೊಂಡು ನಿಂತುಬಿಡುತ್ತದೆ, ತಪ್ಪು ಕೂಡಲೇ ಗೊತ್ತಾಗುತ್ತದೆ. ಮಿಗ್‌ನಲ್ಲಿ ಟ್ರಿಗರ್ ಒತ್ತಿದಷ್ಟು ಹೊತ್ತೂ ವೈರು ಬರುತ್ತಲೇ ಇರುತ್ತದೆ, ಕೆಳಗಿನ ಕಬ್ಬಿಣ ಕರಗಲಿ ಬಿಡಲಿ. ಮೇಲಿಂದ ಚಂದ, ಒಳಗೆ ಬೆಸುಗೆಯೇ ಇಲ್ಲ.

ಮೊದಲು ಕಬ್ಬಿಣ ನೋಡು. ಹೊಸ ಫ್ಲಾಟಿನ ಮೇಲೂ ಕಪ್ಪು ಪದರ ಇರುತ್ತದೆ. ಅದು, ತುಕ್ಕು, ಪೇಂಟು ಎಲ್ಲವೂ ಗ್ರೈಂಡರಿನಲ್ಲಿ ಹೋಗಿ ಬೆಳ್ಳಗೆ ಹೊಳೆಯಬೇಕು. ಕ್ಲ್ಯಾಂಪು ಹಿಡಿಯುವ ಜಾಗವೂ ಹಾಗೇ ಇರಬೇಕು. ಎಣ್ಣೆ ತೆಗೆಯಲು ಗ್ಯಾರೇಜಿನ ಬ್ರೇಕ್ ಕ್ಲೀನರ್ ಸ್ಪ್ರೇ ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಕೆಲವದರಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ವೈರಿನ ತುದಿಯಲ್ಲಿ ಉರಿಯುವ ಆರ್ಕಿನ ಶಾಖಕ್ಕೂ ನೇರಳಾತೀತ ಕಿರಣಕ್ಕೂ ಸಿಕ್ಕರೆ ಅದರಿಂದ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ವಿಷಾನಿಲ ಅದು. ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಆರಲು ಬಿಟ್ಟು, ಬಾಟಲಿಯನ್ನೂ ಒರೆಸಿದ ಬಟ್ಟೆಯನ್ನೂ ದೂರ ಇಟ್ಟು ಆಮೇಲೆ ಟಾರ್ಚು ಹಿಡಿ.

ವೈರು ಗಂಟಾಗುವುದು ಯಾಕೆಂದರೆ ಹಿಂದಿನಿಂದ ರೋಲರ್ ನೂಕುತ್ತಿದೆ, ಮುಂದೆ ದಾರಿ ಕಟ್ಟಿದೆ. ವೈರು 0.8 ಆದರೆ ರೋಲರಿನ ತೋಡು 0.8, ತುದಿಯ ಟಿಪ್ಪೂ 0.8 ಇರಬೇಕು. ರೋಲರನ್ನು ಬಿಚ್ಚಿ ತಿರುಗಿಸಿ ನೋಡು, ಎರಡು ಬದಿಗೆ ಎರಡು ಅಳತೆ ಕೊರೆದಿರುತ್ತದೆ. ಗ್ಯಾಸ್ ವೈರಿಗೆ ‘ವಿ’ ಆಕಾರದ ತೋಡು, ಫ್ಲಕ್ಸ್ ವೈರಿಗೆ ಹಲ್ಲುಹಲ್ಲಾದದ್ದು. ಟಿಪ್ಪಿಗೆ ಸ್ಪ್ಯಾಟರ್ ಮೆತ್ತಿಕೊಂಡಿದ್ದರೆ ಬದಲಿಸು. ಟಾರ್ಚಿನ ಕೇಬಲ್ಲು ನೇರವಾಗಿ ಹಾಸಿರಲಿ. ರೋಲರಿನ ಬಿಗಿ ನೋಡಲು ಸುಲಭದ ದಾರಿ ಇದೆ: ಕ್ಲ್ಯಾಂಪು ಜಾಬಿನಿಂದ ಬಿಚ್ಚಿಟ್ಟು, ಟಾರ್ಚನ್ನು ಒಣ ಮರದ ತುಂಡಿಗೆ ಎರಡಿಂಚು ದೂರ ಓರೆಯಾಗಿ ಹಿಡಿದು ಟ್ರಿಗರ್ ಒತ್ತು. ವೈರು ಮರಕ್ಕೆ ತಾಗಿ ಬಾಗಿಕೊಂಡು ಬರುತ್ತಲೇ ಇದ್ದರೆ ಬಿಗಿ ಸಾಕು. ಅದಕ್ಕಿಂತ ಬಿಗಿ ಮಾಡಿದರೆ ಗಂಟು ಬೀಳುತ್ತದೆ. ಸ್ಪೂಲಿನ ಬ್ರೇಕು, ಟ್ರಿಗರ್ ಬಿಟ್ಟ ಕೂಡಲೇ ಸ್ಪೂಲ್ ನಿಲ್ಲುವಷ್ಟಿದ್ದರೆ ಆಯಿತು. ವೈರು ಬಂತೋ ಇಲ್ಲವೋ ಎಂದು ಟಾರ್ಚಿನ ಬಾಯಿಗೆ ಮುಖ ಇಟ್ಟು ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡು. ಆ ವೈರು ಕಣ್ಣಿಗೆ ಚುಚ್ಚಿದರೆ ಮುಗಿಯಿತು.

ಇನ್ನು ಸೆಟ್ಟಿಂಗು. 3 ಮಿ.ಮೀ.ಗೆ 120 ಆಂಪಿಯರಿನಿಂದ ಶುರುಮಾಡು. ವೋಲ್ಟಿಗೆ ಒಂದು ಲೆಕ್ಕ ಇದೆ: ಆಂಪಿಯರನ್ನು 20ರಿಂದ ಭಾಗಿಸಿ 14 ಕೂಡಿಸು. 120ಕ್ಕೆ 20 ವೋಲ್ಟ್ ಬಂತು. ಅದು ಹೊರಡುವ ಜಾಗ ಮಾತ್ರ, ಅಲ್ಲಿಂದ ಒಂದೆರಡು ವೋಲ್ಟ್ ಆಚೀಚೆ ಮಾಡಬೇಕಾಗುತ್ತದೆ. ನಿನ್ನ ಮಷಿನ್ನಿನಲ್ಲಿ ಆಂಪಿಯರ್ ಎಂದು ಬರೆದ ಗುಂಡಿ ನಿಜದಲ್ಲಿ ವೈರಿನ ವೇಗದ ಗುಂಡಿ. ವೈರು ಬೇಗ ಬಂದಷ್ಟೂ ಆಂಪಿಯರ್ ಏರುತ್ತದೆ. ವೋಲ್ಟು ಬೀಡನ್ನು ಅಗಲಕ್ಕೆ ಹರಡುತ್ತದೆ. ನಿನ್ನ ಬೀಡು ಎತ್ತರಕ್ಕೆ ಕೂರುತ್ತದೆ ಎಂದರೆ ವೈರಿನ ವೇಗಕ್ಕೆ ವೋಲ್ಟು ಸಾಲದು, ಇಲ್ಲವೇ ಟಾರ್ಚನ್ನು ದೂರ ಹಿಡಿದಿದ್ದೀಯ. ಟಿಪ್ಪಿನಿಂದ ಹೊರಗೆ ಇಣುಕುವ ವೈರು 10–12 ಮಿ.ಮೀ. ಇರಲಿ. ಉದ್ದವಾದಷ್ಟೂ ಕರೆಂಟು ಇಳಿದು ಬೆಸುಗೆ ತಣ್ಣಗಾಗುತ್ತದೆ.

ಉಳಿದದ್ದನ್ನು ಕಿವಿಗೆ ಬಿಡು. ಈ ಬಗೆಯ ವೆಲ್ಡಿಂಗ್‌ನಲ್ಲಿ ವೈರಿನ ತುದಿ ಸೆಕೆಂಡಿಗೆ 20ರಿಂದ 200 ಸಲ ಕರಗಿದ ಕಬ್ಬಿಣಕ್ಕೆ ತಾಗಿ ತಾಗಿ ತುಂಡಾಗುತ್ತದೆ. ಸೆಟ್ಟಿಂಗು ಸರಿಯಾಗಿದ್ದರೆ ಆ ಸದ್ದು ಒಂದೇ ಸಮನೆ ಚರಚರ ಕೇಳುತ್ತದೆ. ಟಪ್ ಟಪ್ ಎಂದು ವೈರು ನಿನ್ನ ಕೈಯನ್ನೇ ಹಿಂದಕ್ಕೆ ನೂಕುತ್ತಿದ್ದರೆ ವೇಗ ಇಳಿಸು ಅಥವಾ ವೋಲ್ಟ್ ಏರಿಸು. ಬುಸ್ ಎಂದು ದೊಡ್ಡ ಹನಿ ಬಿದ್ದು ವೈರು ಟಿಪ್ಪಿಗೇ ಅಂಟಿಕೊಂಡರೆ ವೇಗ ಸಾಲದು. ಗ್ಯಾಸ್ ವೈರಿನಲ್ಲಿ ಟಾರ್ಚನ್ನು ಹತ್ತು ಹದಿನೈದು ಡಿಗ್ರಿ ಓರೆ ಮಾಡಿ ಮುಂದಕ್ಕೆ ತಳ್ಳುತ್ತಾ ಹೋಗು, ಫ್ಲಕ್ಸ್ ವೈರಿನಲ್ಲಿ ನಿನ್ನ ಕಡೆಗೆ ಎಳೆ. ಎರಡರಲ್ಲೂ ಆರ್ಕು ಕರಗಿದ ಕಬ್ಬಿಣದ ಕೆರೆಯ ಮುಂದಿನ ಅಂಚಿನಲ್ಲಿ ಇರಬೇಕು. ಕೆರೆಯ ನಡುವೆ ಇಟ್ಟರೆ ಕೆಳಗಿನ ಕಬ್ಬಿಣ ಕರಗುವುದಿಲ್ಲ.

ಈಗ ಪರೀಕ್ಷೆ. ಎರಡು ಫ್ಲಾಟ್ ತುಂಡನ್ನು ‘ಟಿ’ ಆಕಾರಕ್ಕೆ ನಿಲ್ಲಿಸಿ ಒಂದೇ ಬದಿಗೆ ಬೀಡ್ ಹಾಕು. ತಣಿದ ಮೇಲೆ ವೈಸಿಗೆ ಕಟ್ಟಿ, ಬೀಡ್ ಇಲ್ಲದ ಬದಿಯಿಂದ ಹೊಡೆದು ನಿಂತ ತುಂಡನ್ನು ಬೀಡಿನ ಮೇಲೆ ಮಗುಚು. ಮುರಿದರೆ ಬುಡ ನೋಡು. ತುಂಡಿನ ಚೂಪು ಅಂಚು, ಗ್ರೈಂಡರಿನ ಗೀರು ಹಾಗೇ ಉಳಿದಿದ್ದರೆ ಅಲ್ಲಿ ಬೆಸುಗೆ ಆಗಿಯೇ ಇಲ್ಲ. ಅಂಚು ಕರಗಿ ಹೋಗಿ, ಒರಟಾಗಿ ಹರಿದ ಬೂದು ಮೈ ಕಂಡರೆ, ಅಥವಾ ಮುರಿಯದೆ ಬಗ್ಗಿ ಮಲಗಿದರೆ, ಕೈ ಕುದುರಿತು. ಇದು ಒಂದೇ ಸಲಕ್ಕೆ ಮುಗಿಯುವ ಪರೀಕ್ಷೆಯಲ್ಲ. ಹೊಸ ದಪ್ಪ, ಹೊಸ ಸ್ಪೂಲ್, ಯಾವುದು ಬಂದರೂ ಮೊದಲು ಗುಜರಿ ತುಂಡು ಮುರಿದು ನೋಡಿಯೇ ಜಾಬಿಗೆ ಹೋಗು.

ಮೇಷ್ಟ್ರೇ, ನಮ್ಮ ಯಜಮಾನರು ಮಷಿನ್ ತಂದಿಟ್ಟು ಕೆಲಸಕ್ಕೆಂದು ಬೆಂಗಳೂರಿಗೆ ಹೋದರು. ನಾನೇ ಕಲಿಯೋಣ ಅಂತ. ಮಷಿನ್ ಇರುವುದು ಕೊಟ್ಟಿಗೆಗೆ ತಾಗಿದ ಮಾಡಿನಲ್ಲಿ. ಅತ್ತೆ ಅಲ್ಲಿ ಬೇಡವೇ ಬೇಡ ಅನ್ನುತ್ತಾರೆ. ಬಟ್ಟೆ ಎಂಥದ್ದು ಹಾಕಿಕೊಳ್ಳಲಿ?
ಸಿದ್ದಾಪುರದ ಗೃಹಿಣಿ

ಕಲಿ ತಂಗೀ, ಖಂಡಿತ ಕಲಿ. ನಿಧಾನಕ್ಕೆ, ಅಲುಗದೆ ಹಿಡಿಯುವ ಕೈ ಬೇಕಾದ ಕೆಲಸ ಇದು.

ಜಾಗದ ವಿಷಯದಲ್ಲಿ ಮಾತ್ರ ಅತ್ತೆಯವರ ಮಾತೇ ನಡೆಯಲಿ. ಕಿಡಿ ಎರಡು ಮೂರು ಅಡಿಯಲ್ಲಿ ಆರಿಹೋಗುತ್ತದೆ ಎಂದುಕೊಳ್ಳಬೇಡ. ನೆಲಕ್ಕೆ ಬಿದ್ದು, ಪುಟಿದು, ಉರುಳಿ 10–11 ಮೀಟರಿನವರೆಗೂ ಹೋಗುತ್ತದೆ. ಹುಲ್ಲು, ಸೋಗೆ, ಅಡಿಕೆ ಹಾಳೆ, ಗೋಣಿಚೀಲ, ತೆಂಗಿನ ನಾರು ಇವೆಲ್ಲ ಕೂಡಲೇ ಹತ್ತಿ ಉರಿಯುವುದಿಲ್ಲ. ಒಳಗೊಳಗೇ ಹೊಗೆಯಾಡಿ, ನೀನು ಮಷಿನ್ ಆರಿಸಿ ಅಡುಗೆಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತವೆ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ದನಗಳಿವೆ ಎನ್ನುವುದನ್ನು ಯೋಚನೆ ಮಾಡು. ಸಿಮೆಂಟು ನೆಲದ, ಎರಡು ಕಡೆ ತೆರೆದಿರುವ, ಮಳೆ ನೀರು ಬಾರದ ಬೇರೆ ಜಾಗ ನೋಡಿಕೋ. ಬಕೆಟ್ಟಿನಲ್ಲಿ ನೀರು, ಇನ್ನೊಂದರಲ್ಲಿ ಮರಳು ಇರಲಿ. ಮಷಿನ್ನಿಗೆ ಬೆಂಕಿ ಹತ್ತಿದರೆ ಮೊದಲು ಮೇನ್ ಆಫ್ ಮಾಡು, ಕರೆಂಟಿದ್ದಾಗ ನೀರು ಹಾಕಬೇಡ. ಕೆಲಸ ಮುಗಿದ ಮೇಲೂ ಒಂದು ಗಂಟೆ ಆ ಜಾಗದ ಕಡೆ ಕಣ್ಣಿಟ್ಟಿರು.

ಬಟ್ಟೆ ಹತ್ತಿಯದ್ದೇ ಆಗಬೇಕು. ನೈಟಿ, ದುಪಟ್ಟಾ, ಪಾಲಿಯೆಸ್ಟರ್ ಚೂಡಿದಾರ ಯಾವುದೂ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಯಜಮಾನರ ಹಳೆ ಜೀನ್ಸು, ತುಂಬುತೋಳಿನ ಹತ್ತಿ ಅಂಗಿ, ಕುತ್ತಿಗೆಯ ಗುಂಡಿಯವರೆಗೂ ಹಾಕಿ. ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿದಿರಲಿ, ಒಳಗೆ ಸಿಕ್ಕಿಸಿದರೆ ಕಿಡಿ ನೇರ ಬೂಟಿನೊಳಗೆ ಹೋಗುತ್ತದೆ. ಚರ್ಮದ ಗ್ಲೌಸು, ಚರ್ಮದ ಏಪ್ರನ್ನು. ತಲೆಗೂದಲು ಕಟ್ಟಿ ಹತ್ತಿ ಬಟ್ಟೆ ಸುತ್ತಿಕೋ. ಬಳೆ, ಉಂಗುರ ತೆಗೆದಿಡು, ಸರವನ್ನು ಅಂಗಿಯೊಳಗೆ ಹಾಕಿಕೋ. ಮನೆಯಲ್ಲಿ ಯಾರಿಗಾದರೂ ಎದೆಗೆ ಪೇಸ್‌ಮೇಕರ್ ಹಾಕಿದ್ದರೆ ಅವರ ಡಾಕ್ಟರನ್ನು ಕೇಳದೆ ಹತ್ತಿರ ಬಿಡಬೇಡ.

ವರ್ಕ್‌ಶಾಪಿನಲ್ಲಿ ಹೆಲ್ಮೆಟ್ ಇಲ್ಲದೆ ಪಕ್ಕದಲ್ಲಿ ನಿಂತು ನೋಡಿದೆ. ರಾತ್ರಿ ಕಣ್ಣಿಗೆ ಮರಳು ಸುರಿದಂತಾಗಿ ನಿದ್ದೆಯಿಲ್ಲ. ಗೆಳೆಯರು ಆಲೂಗಡ್ಡೆ ಹೋಳು ಇಡು ಅಂದರು.
ಹಾವೇರಿಯ ಐಟಿಐ ವಿದ್ಯಾರ್ಥಿ

ಆಲೂಗಡ್ಡೆ ಬೇಡ ಮಗಾ. ತಂಪೆನಿಸುತ್ತದೆ ನಿಜ, ಆದರೆ ಗಾಯವಾದ ಕಣ್ಣಿಗೆ ಮಣ್ಣಿನ ಪದಾರ್ಥ ಇಟ್ಟರೆ ಸೋಂಕಾಗುತ್ತದೆ. ಆರ್ಕಿನ ನೇರಳಾತೀತ ಕಿರಣ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನು ಸುಟ್ಟಿರುತ್ತದೆ. ತಾಗಿದಾಗ ಗೊತ್ತಾಗುವುದಿಲ್ಲ, ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಉರಿ ಶುರು. ಉಜ್ಜಬೇಡ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಶುದ್ಧ ಬಟ್ಟೆ ಇಟ್ಟುಕೊಂಡು, ಕತ್ತಲಲ್ಲಿ ಮಲಗಿ, ಬೆಳಗಾಗುತ್ತಲೇ ಕಣ್ಣಿನ ಡಾಕ್ಟರ ಬಳಿ ಹೋಗು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಮರಗಟ್ಟಿಸುವ ಡ್ರಾಪ್ಸ್ ಯಾರೋ ಕೊಟ್ಟರೆಂದು ಹಾಕಿಕೊಳ್ಳಬೇಡ, ನೋವು ಹೋದರೂ ಗಾಯ ಮಾಯುವುದು ತಡವಾಗುತ್ತದೆ.

ಮಿಗ್‌ಗೆ 10 ಅಥವಾ 11ನೇ ಶೇಡಿನ ಕಪ್ಪು ಗಾಜು ಬೇಕು. ಬಿಸಿಲಿನ ಕನ್ನಡಕ ಎರಡು ಜೋಡಿ ಹಾಕಿಕೊಂಡರೂ ಆಗದು. ಆಟೋ ಡಾರ್ಕ್ ಹೆಲ್ಮೆಟ್ ಇದ್ದರೆ ಕೆಲಸ ಶುರುಮಾಡುವ ಮೊದಲು ಗಾಜು ಕಪ್ಪಾಗುತ್ತದೋ ಇಲ್ಲವೋ ಪರೀಕ್ಷಿಸು. ಪಕ್ಕದಲ್ಲಿ ನಿಂತವರಿಗೂ ಹೆಲ್ಮೆಟ್ ಬೇಕು ಎಂದು ನಿನ್ನ ಮೇಷ್ಟ್ರಿಗೆ ನೀನೇ ಕೇಳು. ಕೇಳುವ ಹಕ್ಕು ನಿನಗಿದೆ.

ಅಪ್ಪ ಮನೆ ಮುಂದಿನ ಮಾಡಿಗೆ ಜಿಐ ಪೈಪು ವೆಲ್ಡ್ ಮಾಡಿದರು. ರಾತ್ರಿ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ಸಿಹಿ ರುಚಿ. ಎರಡನೇ ದಿನ ಏನೂ ಇಲ್ಲ. ಪಕ್ಕದವರು ಮೊದಲೇ ಹಾಲು ಕುಡಿದು ಬೆಲ್ಲ ತಿಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದರು. ಹೌದೇ?
ಕುಮಟಾದ ಓದುಗರು

ಅಲ್ಲ. ಹಾಲೂ ಬೆಲ್ಲವೂ ಹೊಟ್ಟೆಗೆ ಹೋಗುತ್ತವೆ, ಹೊಗೆ ಹೋಗುವುದು ಪುಪ್ಪುಸಕ್ಕೆ. ವೆಲ್ಡಿಂಗ್ ಶೆಡ್ಡುಗಳಲ್ಲಿ ಹಾಲು ಕೊಡುವ ಪದ್ಧತಿ ಬೇರೂರಿಬಿಟ್ಟಿದೆ. ಹಾಲು ಕುಡಿದಿದ್ದೇನೆ ಎಂಬ ಧೈರ್ಯಕ್ಕೆ ಮಾಸ್ಕು ಹಾಕದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಿಮ್ಮ ತಂದೆಯವರಿಗೆ ಆದದ್ದು ಲೋಹದ ಹೊಗೆಯ ಜ್ವರ ಎಂದು ನೀವು ಬರೆದ ಲಕ್ಷಣಗಳೇ ಹೇಳುತ್ತವೆ. ಜಿಐ ಪೈಪಿನ ಮೇಲಿರುವುದು ಸತು. ಅದು 907 ಡಿಗ್ರಿಗೇ ಕುದಿಯುತ್ತದೆ, ಕಬ್ಬಿಣ ಕರಗಲು ಸುಮಾರು 1,500 ಡಿಗ್ರಿ ಬೇಕು. ಹಾಗಾಗಿ ಕಬ್ಬಿಣ ಕರಗುವ ಮೊದಲೇ ಸತು ಆವಿಯಾಗಿ, ಗಾಳಿ ತಾಗಿ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದ ಕೆಲವು ಗಂಟೆಗಳ ಮೇಲೆ ಜ್ವರ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಉಸಿರು ಕಟ್ಟುವುದು, ಎದೆ ಬಿಗಿಯುವುದು ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು, ಏನು ವೆಲ್ಡ್ ಮಾಡಿದಿರಿ ಎನ್ನುವುದನ್ನೂ ಡಾಕ್ಟರಿಗೆ ಹೇಳಬೇಕು.

ಸಾಧ್ಯವಾದರೆ ಸತುವಿನ ಲೇಪವಿಲ್ಲದ ಎಂಎಸ್ ಪೈಪನ್ನೇ ಬೆಸೆದು ಆಮೇಲೆ ಪೇಂಟು ಮಾಡಿ. ಜಿಐ ಬೇಕೇ ಬೇಕೆಂದರೆ ಬೆಸೆಯುವ ಜಾಗದಿಂದ ಎರಡೂ ಕಡೆ ಎರಡಿಂಚು ಸತುವನ್ನು ಉಜ್ಜಿ ತೆಗೆಯಿರಿ, ಒಳಮೈಯಲ್ಲೂ ಸತು ಇರುತ್ತದೆ ಎಂಬುದು ನೆನಪಿರಲಿ. ಬಯಲಲ್ಲಿ, ಗಾಳಿಗೆ ಅಡ್ಡವಾಗಿ ನಿಂತು, ಹೊಗೆಯ ದಾರಿಯಿಂದ ತಲೆ ಹೊರಗಿಟ್ಟು ಮಾಡಿ. ಹೆಲ್ಮೆಟ್ಟಿನ ಒಳಗೆ ಕನಿಷ್ಠ ಎನ್95 ಮಾಸ್ಕು ಇರಲಿ, ಮುಖಕ್ಕೆ ಸುತ್ತಿದ ಟವೆಲ್ಲು ಹೊಗೆ ತಡೆಯುವುದಿಲ್ಲ. ಮುಗಿದ ಮೇಲೆ ಆ ಜಾಗಕ್ಕೆ ಜಿಂಕ್ ಪ್ರೈಮರ್ ಬಳಿಯದಿದ್ದರೆ ಕುಮಟೆಯ ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ಜಿಐ ಅಲ್ಲದ ಕಬ್ಬಿಣದ ಹೊಗೆಯೂ ನಿರಪಾಯವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮಾಸ್ಕು ಪ್ರತಿ ಸಲವೂ ಬೇಕು.

ಗ್ಯಾಸ್ ಮೀಟರಿನ ಮುಳ್ಳು ಮೊನ್ನೆಯವರೆಗೂ 60ರಲ್ಲೇ ಇತ್ತು. ಇದ್ದಕ್ಕಿದ್ದಂತೆ ಖಾಲಿ. ಸಪ್ಲೈ ಮಾಡುವವರು ಮೋಸ ಮಾಡಿದರಾ? ರೆಗ್ಯುಲೇಟರ್ ಮೇಲೆ ಮಂಜೂ ಕಟ್ಟುತ್ತದೆ.
ಮೂಡಿಗೆರೆಯ ಕಾಫಿ ಬೆಳೆಗಾರರು

ಮೋಸ ಅಲ್ಲ, ಆ ಗ್ಯಾಸಿನ ಗುಣವೇ ಹಾಗೆ. ಸಿಲಿಂಡರಿನೊಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿರುತ್ತದೆ. ದ್ರವ ಒಂದು ಹನಿ ಉಳಿದಿರುವವರೆಗೂ ಒತ್ತಡ ಅದೇ ಇರುತ್ತದೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್, 25 ಡಿಗ್ರಿಯಲ್ಲಿ ಸುಮಾರು 64. ದ್ರವ ಮುಗಿದ ಮೇಲೆ ಮುಳ್ಳು ಬೇಗಬೇಗ ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗುವುದೇ ದಾರಿ. ಖಾಲಿ ತೂಕ ಸಿಲಿಂಡರಿನ ಕುತ್ತಿಗೆಯಲ್ಲಿ ಕೊರೆದಿರುತ್ತದೆ. 1 ಕೆ.ಜಿ. ಗ್ಯಾಸು 530–540 ಲೀಟರ್ ಆಗುತ್ತದೆ. ನಿಮಿಷಕ್ಕೆ 10 ಲೀಟರ್ ಇಟ್ಟರೆ ಕೆ.ಜಿ.ಗೆ ಐವತ್ತು ಚಿಲ್ಲರೆ ನಿಮಿಷದ ಆರ್ಕು.

ದ್ರವ ಆವಿಯಾಗುವಾಗ ಶಾಖ ಹೀರುತ್ತದೆ, ಅದಕ್ಕೇ ಮಂಜು. ಹಿಮ ಕಟ್ಟಿ ದಾರಿ ಮುಚ್ಚಿದರೆ ಬೀಡಿನಲ್ಲಿ ತೂತು ಬೀಳುತ್ತದೆ. ಹೀಟರ್ ಇರುವ ರೆಗ್ಯುಲೇಟರ್ ಹಾಕಿಸಿ. ಬಿಸಿನೀರು ಸುರಿಯುವುದು, ಬೆಂಕಿ ತೋರಿಸುವುದು ಖಂಡಿತ ಬೇಡ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತು ಗೋಡೆಗೆ ಸರಪಳಿಯಲ್ಲಿ ಕಟ್ಟಿರಬೇಕು. ಉರುಳಿ ವಾಲ್ವ್ ಮುರಿದರೆ ಅದನ್ನು ಹಿಡಿಯುವವರಿಲ್ಲ. ಸಾಗಿಸುವಾಗ ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿ, ಮುಚ್ಚಿದ ಕಾರಿನೊಳಗೆ ಇಡಬೇಡಿ. ಈ ಗ್ಯಾಸು ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಂಡು ಉಸಿರಿನ ಗಾಳಿಯನ್ನು ಹೊರದೂಡುತ್ತದೆ. ಆರ್ಕಿನ ಶಾಖಕ್ಕೆ ಅದರ ಸ್ವಲ್ಪ ಭಾಗ ವಿಷಕಾರಿ ಕಾರ್ಬನ್ ಮಾನಾಕ್ಸೈಡೂ ಆಗುತ್ತದೆ. ಹಾಗಾಗಿ ಬಾಗಿಲು ಹಾಕಿದ ಕೋಣೆಯಲ್ಲಿ, ಬಾವಿ, ಟ್ಯಾಂಕು, ಗುಂಡಿಯೊಳಗೆ ಮಿಗ್ ಬೇಡ.

ಬೀಡಿನ ತುಂಬ ಸೂಜಿ ಚುಚ್ಚಿದಂತೆ ತೂತು. ಸೆಕೆಗೆ ಟೇಬಲ್ ಫ್ಯಾನ್ ಹಾಕಿಕೊಂಡು ಮಾಡುತ್ತೇನೆ.
ಉಡುಪಿಯ ಓದುಗರು

ಫ್ಯಾನೇ ಕಾರಣ. ಬೀಡನ್ನು ಕಾಯುವ ಗ್ಯಾಸನ್ನು ಅದು ಹಾರಿಸುತ್ತಿದೆ. ಫ್ಯಾನನ್ನು ದೂರ ಇಟ್ಟು, ಹೊಗೆಯನ್ನು ಹೊರಗೆ ಎಳೆಯುವಂತೆ ತಿರುಗಿಸಿ. ಗ್ಯಾಸ್ ನಿಮಿಷಕ್ಕೆ 10–15 ಲೀಟರ್ ಇರಲಿ. 25ಕ್ಕೆ ಏರಿಸಿದರೆ ಸುಳಿಯೆದ್ದು ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಸ್ಪೂಲನ್ನು ಮಷಿನ್ನಿನೊಳಗೆ ಬಿಡದೆ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ. ತುಕ್ಕು ಹಿಡಿದ ವೈರೂ ತೂತು ಮಾಡುತ್ತದೆ.

ಹಳೆ ಡೀಸೆಲ್ ಬ್ಯಾರೆಲ್ ಇದೆ. ಎರಡು ವರ್ಷದಿಂದ ಖಾಲಿ. ಕತ್ತರಿಸಿ, ಬೆಸೆದು ಬಚ್ಚಲ ಒಲೆ ಮಾಡಬಹುದೇ?
ರಾಣೆಬೆನ್ನೂರಿನ ರೈತರು

ಮಾಡಬೇಡಿ. ಗ್ರೈಂಡರೂ ಇಡಬೇಡಿ. ಬ್ಯಾರೆಲ್ಲಿನ ಸಂದಿಯಲ್ಲಿ, ತುಕ್ಕಿನ ಪದರದಲ್ಲಿ ಉಳಿದ ಡೀಸೆಲ್ ಶಾಖ ತಾಗಿದ ಕೂಡಲೇ ಆವಿಯಾಗುತ್ತದೆ. ಗಾಳಿ ಬೆರೆತ ಆವಿಗೆ ಒಂದು ಕಿಡಿ ಸಾಕು, ಮುಚ್ಚಳ ಹಾರಿ ಎದುರಿಗಿದ್ದವರನ್ನು ಕೊಲ್ಲುತ್ತದೆ. ಖಾಲಿಯಾಗಿ ಎಷ್ಟು ವರ್ಷವಾಯಿತು ಎನ್ನುವುದಕ್ಕೆ ಬೆಲೆಯಿಲ್ಲ. ಸೋಪು ಹಾಕಿ ತೊಳೆದೆ ಎನ್ನುವುದಕ್ಕೂ ಇಲ್ಲ. ಬೈಕಿನ ಪೆಟ್ರೋಲ್ ಟ್ಯಾಂಕು, ಔಷಧಿಯ ಡ್ರಮ್ಮು, ಪೇಂಟಿನ ಡಬ್ಬ ಎಲ್ಲಕ್ಕೂ ಇದೇ ಉತ್ತರ. ಒಲೆಗೆ ಹೊಸ ಎಂಎಸ್ ಶೀಟ್ ತನ್ನಿ. ಎರಡೂ ಕಡೆ ಮುಚ್ಚಿದ ಪೈಪು ಬೆಸೆಯುವಾಗಲೂ ಮೊದಲೊಂದು ತೂತು ಕೊರೆದು ಒಳಗಿನ ಗಾಳಿಗೆ ದಾರಿ ಮಾಡಿಕೊಡಿ.

ಟ್ರೇಲರಿನ ಕೊಕ್ಕೆಯಲ್ಲಿ ಬಿರುಕು ಬಂದಿದೆ. ಮಿಗ್ ಮಷಿನ್ ಇದೆ. ಟ್ರ್ಯಾಕ್ಟರಿಗೆ ಸಿಕ್ಕಿಸಿದ ಹಾಗೇ ಬೆಸೆದುಬಿಡಲಾ?
ಶಿಕಾರಿಪುರದ ಓದುಗರು

ಕೊಕ್ಕೆಯನ್ನು ನೀವು ಬೆಸೆಯಬೇಡಿ. ಅಷ್ಟು ದಪ್ಪದ ಉಕ್ಕಿಗೆ ಮನೆಯ ಸಿಂಗಲ್ ಫೇಸ್ ಮಿಗ್ ಶಾಖ ಸಾಲದು, ಮೇಲೆ ಚಂದದ ಬೀಡ್ ಕೂತು ಒಳಗಿನ ಬಿರುಕು ಹಾಗೇ ಉಳಿಯುತ್ತದೆ. ಕಬ್ಬು ತುಂಬಿದ ಟ್ರೇಲರು ಏರಿನಲ್ಲಿ ಕಳಚಿಕೊಂಡರೆ ಹಿಂದೆ ಬರುವವರ ಗತಿ ಯೋಚಿಸಿ. ಬಿರುಕು ಬಿಟ್ಟ ಕೊಕ್ಕೆಯನ್ನು ಪೂರ್ತಿ ಬದಲಿಸಿ. ಜಾಕು, ಏಣಿ, ಉಯ್ಯಾಲೆ, ಬೈಕಿನ ಚಾಸಿ, ಒಟ್ಟಿನಲ್ಲಿ ಮುರಿದರೆ ಮನುಷ್ಯರು ಬೀಳುವ ಯಾವುದನ್ನೂ ಕಲಿಯುವ ಕೈ ಬೆಸೆಯಬಾರದು.

ಟ್ರೇಲರಿನ ಪಕ್ಕದ ಹಲಗೆಗಳ ಫ್ರೇಮು, ಮಡ್‌ಗಾರ್ಡು ಇಂಥವನ್ನು ಧಾರಾಳವಾಗಿ ಮಾಡಿ. ಟ್ರ್ಯಾಕ್ಟರಿನಿಂದ ಬಿಚ್ಚಿ ದೂರ ಎಳೆದಿಟ್ಟು ಮಾಡಿ. ಟ್ರ್ಯಾಕ್ಟರಿನ ಮೇಲೆಯೇ ಮಾಡಬೇಕಾದರೆ ಬ್ಯಾಟರಿಯ ಮೈನಸ್ ಮೊದಲು, ಆಮೇಲೆ ಪ್ಲಸ್ ಬಿಚ್ಚಿಡಿ, ಆಲ್ಟರ್ನೇಟರಿನ ಕನೆಕ್ಷನ್ನೂ ತೆಗೆಯಿರಿ. ಕ್ಲ್ಯಾಂಪನ್ನು ಬೆಸೆಯುವ ಜಾಗಕ್ಕೆ ಗೇಣು ದೂರದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹಾದು ಅದನ್ನು ಹಾಳುಮಾಡುತ್ತದೆ. ಹತ್ತಿರದಲ್ಲಿ ಡೀಸೆಲ್ ಪೈಪು, ಹೈಡ್ರಾಲಿಕ್ ಹೋಸು ಹಾದುಹೋಗಿದ್ದರೆ ಅಲ್ಲಿ ಬೇಡ, ಆ ಭಾಗ ಬಿಚ್ಚಿ ತಂದು ಮೇಜಿನ ಮೇಲೆ ಬೆಸೆಯಿರಿ.